ಎದುರು ಕೂರುವವನು ಯತಿನ್

ಡೊಂಬಿವಲಿ ಪೂರ್ವ
ಭಾನುವಾರ, 12 ಜನವರಿ 2025

ಯತಿನ್‌ನ ಅಪ್ಪನಿಗೆ,

ಬಾಗಿಯ ನಮಸ್ಕಾರ. ಬದಲಾಪುರದಲ್ಲಿ ಈ ಸಲ ಚಳಿ ಜೋರಂತೆ. ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯಲು ಹೋಗುವಾಗ ಮಫ್ಲರ್ ಕಟ್ಟಿಕೊಳ್ಳಿ. ಗಂಟಲು ನಿಮ್ಮದೇ ಆದರೂ ಅದನ್ನು ಕೇಳಲು ಕಾಯುವವರು ಊರೆಲ್ಲ ಇದ್ದಾರೆ.

ಎದುರು ಸಿಕ್ಕಿದ್ದರೆ ತುಳುವಿನಲ್ಲಿ ಎರಡೇ ಮಾತಿಗೆ ಮುಗಿಸುತ್ತಿದ್ದೆ. ಫೋನ್ ಮಾಡಿದರೆ ನೀವು "ಆಯ್ತು, ನೋಡುವ" ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತಾರನೇ ತಾರೀಕು ನಮ್ಮ ಸಂಘದ ವಾರ್ಷಿಕೋತ್ಸವದ ತಾಳಮದ್ದಲೆಗೆ ನಿಮ್ಮನ್ನು ಕರೆದರು, ನೀವು ಖುಷಿಯಿಂದ ಒಪ್ಪಿದಿರಿ. ಎದುರು ಅರ್ಥ ಹೇಳುವವನು ನಿಮ್ಮ ಮಗನೇ ಎಂದು ಗೊತ್ತಾದ ಮೇಲೆ ಮಾತ್ರ ಭಾಗವತ ಹಯಗ್ರೀವ ರಾಯರ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದಿರಂತೆ. ಹೋಟೆಲಿನಲ್ಲಿ ಕೆಲಸದವರು ಕಡಿಮೆ, ಭಾನುವಾರ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರಬಹುದು, ಹುಡುಗ ಹೊಸಬ, ನಾಲ್ಕು ಜನರೆದುರು ಅವನ ಮರ್ಯಾದೆ ಹೋದೀತು. ಮೆಗಾಬ್ಲಾಕಿಗೆ ಹೆದರಿ ನೀವು ಯಾವ ತಾಳಮದ್ದಲೆಯನ್ನಾದರೂ ತಪ್ಪಿಸಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ನೀವು ಬರಬೇಕು, ಯತಿನ್‌ನ ಎದುರು ಕೂರಬೇಕು. ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಯಾಕೆ ಎಂಬುದಕ್ಕೆ.

ನಿಮ್ಮ ವಿದ್ಯೆಯ ಬಗ್ಗೆ ನನಗೆ ಎಂದೂ ತಕರಾರಿಲ್ಲ. ಬಣ್ಣ ಹಚ್ಚದೆ, ಗೆಜ್ಜೆ ಕಟ್ಟದೆ, ಬಿಳಿ ಪಂಚೆ ಉಟ್ಟು ಕೂತಲ್ಲಿಂದಲೇ ಬರೀ ಮಾತಿನಲ್ಲಿ ರಾಜ್ಯ ಗೆಲ್ಲುವವರು ನೀವು. ಭಾಗವತರು ಒಂದು ಪದ್ಯ ಹಾಡಿ ಬಿಟ್ಟರೆ ಸಾಕು, ಅದನ್ನು ಹಿಡಿದು ಅರ್ಧ ಗಂಟೆ ವಾದ ಮಾಡುತ್ತಿದ್ದಿರಿ. ಅದೂ ಬರೆದು ತಂದದ್ದಲ್ಲ, ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆ ಕ್ಷಣ ಹೊಳೆದದ್ದು. ಒಂದೇ ಒಂದು ಇಂಗ್ಲಿಷ್ ಅಥವಾ ಹಿಂದಿ ಪದ ನುಸುಳುತ್ತಿರಲಿಲ್ಲ. ಹಗಲಿಡೀ ಹೋಟೆಲಿನ ಗಲ್ಲೆಯಲ್ಲಿ ಕೂತು ಚಿಲ್ಲರೆಗಾಗಿ "ಛುಟ್ಟಾ ದೇವ್ ಭಾಯ್" ಎನ್ನುವ ಮನುಷ್ಯ ಇವರೇನಾ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ನಿಮ್ಮನ್ನು ಒಪ್ಪಿ ಮದುವೆಯಾದದ್ದೂ ಆ ಮಾತಿಗೇ, ಹೋಟೆಲಿಗಲ್ಲ.

ಆದರೆ ಅದೇ ಬಾಯಿಯಿಂದ ಬಂದ ಇನ್ನೊಂದು ಮಾತಿದೆ. ಯತಿನ್ ಐದನೇ ಕ್ಲಾಸಿನಲ್ಲಿದ್ದಾಗ ಸಂಘದ ಕಾರ್ಯಕ್ರಮದಲ್ಲಿ ವಂದನಾರ್ಪಣೆ ಮಾಡಲು ಅವನನ್ನು ವೇದಿಕೆಗೆ ಹತ್ತಿಸಿದ್ದರು. ಮನೆಯಲ್ಲಿ ನಾನು ಕಲಿಸಿಕೊಟ್ಟದ್ದು ಗಾಬರಿಯಲ್ಲಿ ಅರ್ಧ ಮರೆತುಹೋಗಿ, ಉಳಿದರ್ಧವನ್ನು ಅವನು ಹಿಂದಿಯಲ್ಲಿ ಹೇಳಿ ಮುಗಿಸಿದ. ನೀವು ಇನ್ನೂ ಮೈಕಿನ ಮುಂದೆ ಕೂತಿದ್ದಿರಿ. "ಇವ ನಮ್ಮ ವಂಶದವ ಅಲ್ಲ ಮಹಾರಾಯ್ರೇ, ಕುರ್ಲಾ ಸ್ಟೇಷನಿನಲ್ಲಿ ಯಾರೋ ಬಿಟ್ಟು ಹೋದದ್ದು" ಎಂದಿರಿ. ಸಭೆ ಬಿದ್ದು ಬಿದ್ದು ನಕ್ಕಿತು. ನಿಮಗದು ನೆನಪಿರಲಿಕ್ಕಿಲ್ಲ. ಚಪ್ಪಾಳೆ ಬಿದ್ದ ಮಾತನ್ನು ಅರ್ಥಧಾರಿಗಳು ಅಲ್ಲಿಯೇ ಬಿಟ್ಟು ಬರುತ್ತಾರೆ.

ಅವನು ಮನೆಗೆ ಹೊತ್ತು ತಂದ. ಅಂದಿನಿಂದ ಅವನ ಬಾಯಲ್ಲಿ ಕನ್ನಡ ನಿಂತಿತು, ಜೊತೆಗೆ ತುಳುವೂ ನಿಂತಿತು. ನಾನು ತುಳುವಿನಲ್ಲಿ ಊಟಕ್ಕೆ ಕರೆದರೆ ಅವನು ಹಿಂದಿಯಲ್ಲಿ ಬಂದೆ ಎನ್ನುವನು. ಊರಿನಿಂದ ಅಜ್ಜಿ ಫೋನ್ ಮಾಡಿದರೆ ಹೂಂ ಅನ್ನುವನು, ಮೇಲಿಂದ ಒಂದಕ್ಷರವಿಲ್ಲ. ಎಲ್ಲವೂ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ ಅಷ್ಟೇ. ಆಮೇಲೆ ನೀವು ನಿಮ್ಮ ತಮ್ಮನ ಹೋಟೆಲು ನೋಡಿಕೊಳ್ಳಲೆಂದು ಬದಲಾಪುರಕ್ಕೆ ಹೋದಿರಿ. ವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೊಮ್ಮೆ ಬಂದಿರಿ, ಆಮೇಲೆ ಹಬ್ಬಕ್ಕೆ, ಆಮೇಲೆ ಹಬ್ಬಕ್ಕೂ ಇಲ್ಲ. ನಾವು ಜಗಳವಾಡಿ ಬೇರೆಯಾದವರಲ್ಲ, ಮಾತು ಕಡಿಮೆಯಾಗಿ ಬೇರೆಯಾದವರು. ಒಬ್ಬರು ಅರ್ಥ ಹೇಳುವವರು, ಒಬ್ಬರು ಪಾಠ ಹೇಳುವವರು ಇದ್ದ ಮನೆಯಲ್ಲಿ ಹೀಗಾಯಿತು ಎಂದರೆ ಕೇಳಿದವರು ನಗುತ್ತಾರೆ.

ಇನ್ನು ಈಚಿನ ಸುದ್ದಿ. ಥಾಣೆಯ ಕಾಲೇಜಿನಲ್ಲಿ ನಾನು ಸಂಜೆ ಕನ್ನಡದ ಸರ್ಟಿಫಿಕೇಟ್ ತರಗತಿ ನಡೆಸುವುದು ನಿಮಗೆ ಗೊತ್ತೇ ಇದೆ. ಈಗ ಎಂ.ಎ., ಎಂ.ಕಾಂ. ಓದುವವರು ಇನ್ನೊಂದು ಭಾಷೆ ಕಲಿತರೆ ಎರಡು ಕ್ರೆಡಿಟ್ ಸಿಗುತ್ತದೆ. ಹಾಗಾಗಿ ಹಿಂದೆ ಖಾಲಿ ಇರುತ್ತಿದ್ದ ಬೆಂಚುಗಳು ತುಂಬಿವೆ. ಜೂನ್ ತಿಂಗಳಲ್ಲಿ ಹಾಜರಿ ಕರೆಯುತ್ತಾ ಹೋದೆ, ಕೊನೆಗೆ ನಮ್ಮ ಯತಿನ್‌ನ ಹೆಸರು ಬಂತು. ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿರುವವನು, ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಕಡೆಯ ಬೆಂಚಿನಿಂದ "ಪ್ರೆಸೆಂಟ್ ಮ್ಯಾಡಂ" ಎಂದ. ಮನೆಗೆ ಬಂದ ಮೇಲೆ ಕೇಳಿದರೆ ಫ್ರೆಂಚ್ ತರಗತಿ ಭರ್ತಿಯಾಗಿತ್ತಂತೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಫ್ರೆಂಚ್ ಸಿಗದಿದ್ದಾಗ ಹಿತ್ತಲಿಗೆ ಬಂದಿದ್ದ.

ಮೊದಲ ತಿಂಗಳು ಅವನು ಬಾಯಿ ಬಿಡಲಿಲ್ಲ. ಖಾರಘರದಿಂದ ಬರುವ ವಿಶಾಲ್ ಎಂಬ ಹುಡುಗನಿದ್ದ, ಎಂ.ಕಾಂ.ನವನು, ಬಲು ಚುರುಕು. ಎರಡು ವಾರದಲ್ಲಿ ಒತ್ತಕ್ಷರಗಳ ಸಮೇತ ಕಲಿತುಬಿಟ್ಟ. ಅಕ್ಷರ ಅಚ್ಚಿನಂತೆ ಬರುತ್ತಿತ್ತು. ಈ ವರ್ಷ ಇವನೇ ನನ್ನ ಹೆಸರು ಉಳಿಸುವವನು ಎಂದುಕೊಂಡೆ. ಇನ್ನೊಬ್ಬಳು ಕಾಂಚನಾ, ಶಹಾಡಿನವಳು, ಸಮಾಜಕಾರ್ಯ ಓದುತ್ತಿದ್ದಾಳೆ. ಅವಳ ಅಪ್ಪ ಮಹಾದೇವಪ್ಪ ಕಲಬುರಗಿ ಕಡೆಯವರು, ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಅವಳಿಗೆ ಮಾತು ಸರಾಗ, ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಬೆಳಿಗ್ಗೆ ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವ ತಮ್ಮ ಕಡೆಯವರ ನಡುವೆ ಕೆಲಸ ಮಾಡಬೇಕು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು ಎಂಬ ಹಟ.

ಒಂದು ದಿನ ಎಲ್ಲರೂ ತಮ್ಮ ಪರಿಚಯ ಹೇಳಿ ಎಂದೆ. ಕಾಂಚನಾ ಎದ್ದು ನಿಂತು "ನಾ ಶಹಾಡದಾಗ ಇರ್ತೀನ್ರಿ. ನಮ್ಮವ್ವ ನಾಕ ಮನಿ ಕೆಲಸಾ ಮಾಡ್ತಾಳ್ರಿ" ಎಂದಳು. ವಿಶಾಲ್ ನಕ್ಕು, ಮ್ಯಾಡಂ ಇದು ಒರಿಜಿನಲ್ಲೋ ಡುಪ್ಲಿಕೇಟೋ ಎಂದು ಹಿಂದಿಯಲ್ಲಿ ಕೇಳಿದ. ಕೆಟ್ಟ ಹುಡುಗನಲ್ಲ, ಪಠ್ಯದಲ್ಲಿ ಇರುವುದಷ್ಟೇ ಕನ್ನಡ ಎಂದು ಅವನ ಲೆಕ್ಕ. ನಾನು ಬಾಯಿ ತೆರೆಯುವ ಮೊದಲೇ ಕಡೆಯ ಬೆಂಚಿನಿಂದ ಯತಿನ್ ಮಾತಾಡಿದ. "ನಗ್ಬೇಡ. ಅದೂ ಕನ್ನಡವೇ. ನಿಂಗೆ ಬರುದಿಲ್ಲ, ಅವಳಿಗೆ ಬರ್ತದೆ." ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ನಾನು ಕೇಳಿದ ಕನ್ನಡ ಅದು. ಬೋರ್ಡಿನ ಕಡೆ ತಿರುಗಿ ಒರೆಸಲು ನಿಂತೆ. ಒರೆಸಲು ಅಲ್ಲಿ ಏನೂ ಇರಲಿಲ್ಲ.

ಅದಕ್ಕಿಂತ ದೊಡ್ಡ ಪಾಠವನ್ನು ಆ ಹುಡುಗಿ ಹೇಳಿದಳು. ಅವಳಿಗೆ ಬೇಸರವೇ ಆಗಿರಲಿಲ್ಲ. "ನಗಲಿ ಬಿಡ್ರಿ, ಅವ್ರು ನಕ್ರ ನನ್ನ ಹಲ್ಲ ಉದುರತಾವೇನು" ಎಂದು ಕೂತುಕೊಂಡಳು. ಯತಿನ್ ಅವಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ನಕ್ಕ ಮೇಲೂ ಮಾತಾಡುತ್ತ ಇರಬಹುದು ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಶನಿವಾರಗಳಂದು ಅವನೂ ಅವಳ ಜೊತೆ ಶಹಾಡಿಗೆ ಹೋಗತೊಡಗಿದ. ಕೂಲಿಯವರ ಹತ್ತಿರ ಮಾತಾಡಿ ಬರೆದುಕೊಳ್ಳುವ ಅವಳ ಕೆಲಸಕ್ಕೆ ಇವನ ಸಹಾಯ. ನೀವು ಈಗಲೇ ಬೇರೆ ಲೆಕ್ಕ ಹಾಕುತ್ತಿದ್ದರೆ ಬಿಟ್ಟುಬಿಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ. ಅವನು ಅಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಕಾಂಚನಾಳ ಅಮ್ಮ ದ್ರೌಪದಿಯ ಜೊತೆ. ಅವರು ಚಹಾ ಕೊಟ್ಟು, ಎದುರು ಕೂತು, ಇವನು ತಡವರಿಸಿದಷ್ಟು ಹೊತ್ತೂ ಕಾಯುತ್ತಿದ್ದರಂತೆ. "ತಪ್ಪಾದ್ರ ಆಗ್ಲಿ, ಮಾತಾಡಪ್ಪಾ. ನಾ ಮರಾಠಿ ಮಾತಾಡಿದ್ರ ಇಡೀ ಬಿಲ್ಡಿಂಗ್ ನಗತದ. ಅದಕ್ಕ ಪಗಾರ ಏನ್ ಕಡಿಮಿ ಕೊಡ್ತಾರೇನು" ಎಂದರಂತೆ. ಇದನ್ನು ಅವನು ನನಗೆ ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದ. ಒಂದು ದಿನ ಊಟಕ್ಕೆ ಕೂತವನು "ಅಮ್ಮಾ, ಸಾರಿಗೆ ಉಪ್ಪು ಕಮ್ಮಿ ಆಗ್ಯದ" ಎಂದ. ನಮ್ಮ ಮನೆಯಲ್ಲಿ ಕಲಬುರಗಿಯ ಮಾತು. ನನಗೆ ನಗು ಬಂತು, ನುಂಗಿಕೊಂಡು ಉಪ್ಪು ತಂದಿಟ್ಟೆ.

ಅವನು ತಾಳಮದ್ದಲೆ ಕಲಿಯುತ್ತೇನೆ ಎಂದದ್ದು ದೀಪಾವಳಿಯ ಹೊತ್ತಿಗೆ. ಹಯಗ್ರೀವ ರಾಯರು ಭಾನುವಾರ ಮಕ್ಕಳಿಗೆ ಹೇಳಿಕೊಡುವಲ್ಲಿ, ಹಲ್ಲು ಬೀಳುವ ವಯಸ್ಸಿನವರ ನಡುವೆ ಈ ಎಂ.ಎ. ಹುಡುಗ ಹೋಗಿ ಚಾಪೆಯ ಮೇಲೆ ಕೂತ. ನಾಚಿಕೆಪಟ್ಟುಕೊಳ್ಳಲಿಲ್ಲ. ನಿಮ್ಮ ಹಳೆಯ ವಿಡಿಯೋಗಳನ್ನೆಲ್ಲ ಹುಡುಕಿ, ಕೇಳಿ ಕೇಳಿ, ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ. ಲೋಕಲ್ ಟ್ರೇನಿನಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದರೆ ಪಕ್ಕದವರು ಹನುಮಾನ್ ಚಾಲೀಸಾ ಎಂದುಕೊಂಡು ಜಾಗ ಬಿಟ್ಟುಕೊಟ್ಟರಂತೆ.

ಡಿಸೆಂಬರಿನಲ್ಲಿ ಕಲ್ಯಾಣದ ಒಂದು ದೇವಸ್ಥಾನದ ಹಜಾರದಲ್ಲಿ ಸಣ್ಣ ಕೂಟವಿತ್ತು. ಅದೇ ಪ್ರಸಂಗ, ಈಗ ನಿಮಗೆ ಕೊಟ್ಟಿರುವುದು. ತಂದೆಯನ್ನು ಕಾಣದೆ ಬೆಳೆದ ರಾಜಕುಮಾರ ತಂದೆಯ ಎದುರು ಬಂದು ನಿಲ್ಲುತ್ತಾನೆ, ತಂದೆ ನೀನು ನನ್ನ ಮಗನೇ ಅಲ್ಲ ಎನ್ನುತ್ತಾನೆ. ಅಂದು ತಂದೆಯ ಅರ್ಥ ಬ್ಯಾಂಕಿನ ಮಧ್ವೇಶಣ್ಣನದು, ಮಗನದು ಯತಿನ್‌ನದು. ನಾನು ಕಂಬದ ಹಿಂದೆ ಕೂತಿದ್ದೆ. ಮೊದಲ ಪದ್ಯಕ್ಕೆ ಚೆನ್ನಾಗಿಯೇ ಹೇಳಿದ. ಅಲ್ಲಲ್ಲಿ ಕೆಮ್ಮಿದ, ಶೀತವಾಗಿದೆಯೇ ಎಂದುಕೊಂಡೆ. ಆಮೇಲೆ ತಿಳಿಯಿತು, ಹಿಂದೊಮ್ಮೆ ನೀವು ಇದೇ ಮಗನ ಅರ್ಥ ಹೇಳಿದ್ದ ವಿಡಿಯೋದಲ್ಲಿ ಕೆಮ್ಮಿದ ಕಡೆಗಳಲ್ಲೇ ಇವನೂ ಕೆಮ್ಮುತ್ತಿದ್ದ. ಮಧ್ವೇಶಣ್ಣ ಒಂದು ಕೇಳಿದರೆ ಇವನು ಇನ್ನೊಂದಕ್ಕೆ ಉತ್ತರ ಕೊಟ್ಟ. ಯಾಕೆಂದರೆ ವಿಡಿಯೋದಲ್ಲಿ ಎದುರಿನವರು ಕೇಳಿದ್ದು ಬೇರೆ ಪ್ರಶ್ನೆ. ಅದರಲ್ಲಿ ನಿಮ್ಮ ಎದುರಿದ್ದ, ಕ್ಯಾಂಟೀನ್ ನಡೆಸುತ್ತಿದ್ದ ಸಂಜೀವಣ್ಣನನ್ನು ನೀವು ಕೆಣಕಿದ್ದಿರಲ್ಲ, "ನಿನ್ನ ಪಾಕಶಾಲೆಯ ಕಷಾಯದಂತೆ ನಿನ್ನ ವಾದವೂ ಬರೀ ನೀರು" ಎಂದು. ಅದನ್ನೂ ಇವನು ಗಂಭೀರವಾಗಿ ಮಧ್ವೇಶಣ್ಣನಿಗೆ ಹೇಳಿಬಿಟ್ಟ. ಬ್ಯಾಂಕಿನವರಿಗೆ ಎಲ್ಲಿಯ ಪಾಕಶಾಲೆ.

ಅಲ್ಲಿದ್ದವರೆಲ್ಲ ನಿಮ್ಮ ಮಾತು ಕೇಳಿ ಬೆಳೆದವರೇ. ಹಜಾರವಿಡೀ ನಕ್ಕಿತು. ಮುಗಿಯಿತು, ಇನ್ನು ಈ ಹುಡುಗ ಸಾಯುವವರೆಗೆ ಕನ್ನಡ ಆಡುವುದಿಲ್ಲ ಎಂದುಕೊಂಡೆ. ನೋಡುತ್ತೇನೆ, ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದಾನೆ. ನಗು ನಿಂತ ಮೇಲೆ ಮೈಕನ್ನು ಹತ್ತಿರ ಎಳೆದುಕೊಂಡು, "ತಪ್ಪಾಯ್ತು. ಅದು ಅಪ್ಪಂದು. ಇನ್ನು ನಂದು ಹೇಳ್ತೇನೆ" ಎಂದ.

ಮಧ್ವೇಶಣ್ಣ ಬಿಡಲಿಲ್ಲ. ನಾನು ನಿನ್ನ ತಂದೆ ಎಂಬುದಕ್ಕೆ ಸಾಕ್ಷಿ ಏನು, ತಂದು ತೋರಿಸು ಎಂದು ಮತ್ತೆ ಕೇಳಿದರು. ಯತಿನ್ ಈ ಸಲ ಕೆಮ್ಮದೆ ಹೇಳಿದ: "ಸಾಕ್ಷಿ ನಾನ್ಯಾಕ ತರಬೇಕು? ನಾನು ಹುಟ್ಟಿದವ ಅಷ್ಟೇ. ಹೇಳಬೇಕಾದವರು ನೀವು." ಆ 'ಯಾಕ' ದ್ರೌಪದಿಯವರದು, ಉಳಿದದ್ದು ಅವನದೇ. ನಿಮ್ಮಂಥ ಸಂಸ್ಕೃತದ ಪದಗಳಿಲ್ಲ, ಉಪಮೆಗಳಿಲ್ಲ. ಆದರೂ ಹಯಗ್ರೀವ ರಾಯರು ಮುಂದಿನ ಪದ್ಯ ಎತ್ತಿಕೊಳ್ಳಲು ತಡಮಾಡಿದರು. ಮಧ್ವೇಶಣ್ಣ ತಲೆದೂಗಿದರು. ನನಗೆ ಹೆಮ್ಮೆಯಾಯಿತು. ಎಷ್ಟು ಎಂದು ಬರೆದರೆ ಅತಿಯಾಗಿ ಕಾಣುತ್ತದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥ ಕಲಿಕೆಯನ್ನು ಕಂಡಿರಲಿಲ್ಲ.

ಕಳೆದ ತಿಂಗಳು ಕಾಲೇಜಿಗೆ ಒಬ್ಬ ತಜ್ಞರು ಬಂದಿದ್ದರು. ಭಾಷೆ ಒಲಿಯುವುದು ಬುದ್ಧಿಗಿಂತ ಹೆಚ್ಚಾಗಿ ಮನೋಭಾವಕ್ಕೆ, ಪ್ರೇರಣೆಗೆ ಎಂದು ಪರದೆಯ ಮೇಲೆ ಗೆರೆ ಎಳೆದು ವಿವರಿಸಿದರು. ಅಂಕಕ್ಕಾಗಿ ಕಲಿಯುವವರಿದ್ದಾರೆ, ನೌಕರಿಗಾಗಿ ಕಲಿಯುವವರಿದ್ದಾರೆ, ಆ ಭಾಷೆಯ ಜನರಲ್ಲಿ ಒಬ್ಬರಾಗಬೇಕೆಂದು ಕಲಿಯುವವರಿದ್ದಾರೆ ಎಂದರು. ಎಲ್ಲ ಸರಿಯೇ. ಜಗಳವಾಡಲು ಕಲಿಯುವವರನ್ನು ಯಾವ ಗೆರೆಯಲ್ಲಿ ಸೇರಿಸುತ್ತೀರಿ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ನಗಬೇಡಿ, ಕಲ್ಯಾಣದಿಂದ ಬರುವಾಗ ಗಾಡಿಯಲ್ಲಿ ಯತಿನ್ ನನಗೆ ಹೇಳಿದ್ದು ಅದನ್ನೇ. "ಅಪ್ಪನ ಹತ್ರ ಜಗಳ ಮಾಡ್ಬೇಕು ಅಮ್ಮಾ. ಘರ್ ಮೇ ಪೂಛೋ ತೋ ಉಠ್ ಕೇ ಚಲೇ ಜಾತೇ ಹೈ. ಅಲ್ಲಿ ಮೈಕ್ ಮುಂದೆ ಕೂತ್ರೆ ಉತ್ತರ ಕೊಡ್ಲೇಬೇಕಲ್ಲ. ಅವರ ಭಾಷೆಯಲ್ಲೇ ಕೇಳ್ತೇನೆ." ಮನೆಯಲ್ಲಿ ಕೇಳಿದರೆ ನೀವು ಎದ್ದು ಹೋಗುತ್ತೀರಿ ಎಂಬುದು ಮಾತ್ರ ಹಿಂದಿಯಲ್ಲೇ ಬಂತು. ನಮ್ಮ ಠಾಕುರ್ಲಿಯ ಹತ್ತಿರ ಗಾಡಿ ಸಿಗ್ನಲ್ಲಿಗೆ ನಿಂತಿತ್ತು, ಅದಕ್ಕೇ ಪೂರ್ತಿ ಕೇಳಿಸಿತು.

ಪರೀಕ್ಷೆಯ ಫಲಿತಾಂಶವೂ ಬಂತು. ವಿಶಾಲ್ ಮೊದಲನೆಯವನು. ಯತಿನ್ ಸೆಕೆಂಡ್ ಕ್ಲಾಸ್, ಅದೂ ಅಂಚಿನಲ್ಲಿ. ಕಾಗುಣಿತ ಕೈಕೊಟ್ಟಿತು. ಮಗನೆಂದು ನಾನು ಒಂದು ಅಂಕವನ್ನೂ ಜಾಸ್ತಿ ಹಾಕಲಿಲ್ಲ. ಮೊನ್ನೆ ಥಾಣೆ ಸ್ಟೇಷನಿನಲ್ಲಿ ವಿಶಾಲ್ ಸಿಕ್ಕಿದ. ಹೇಗಿದ್ದೀಯಪ್ಪ ಎಂದು ಕನ್ನಡದಲ್ಲಿ ಕೇಳಿದೆ. ಮುದ್ದಾಗಿ ನಕ್ಕು, "ಮ್ಯಾಡಂ, ಎಕ್ಸಾಮ್ ಹೋ ಗಯಾ ನಾ" ಎಂದ. ಪರೀಕ್ಷೆ ಮುಗಿಯಿತು, ಕನ್ನಡವೂ ಮುಗಿಯಿತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತು. ಯತಿನ್‌ಗೆ ಬೇಕಾದದ್ದು ಮಾತ್ರ ಇನ್ನೂ ಸಿಕ್ಕಿಲ್ಲ, ಅದು ನಿಮ್ಮ ಹತ್ತಿರ ಇದೆ.

ಆದ್ದರಿಂದ ಕೇಳುತ್ತಿದ್ದೇನೆ. ನೀವು ಬಾರದಿದ್ದರೆ ಸಂಘದವರು ಮಧ್ವೇಶಣ್ಣನನ್ನೇ ಕೂರಿಸುತ್ತಾರೆ, ತಾಳಮದ್ದಲೆ ನಿಲ್ಲುವುದಿಲ್ಲ. ನಿಲ್ಲುವುದು ನಿಮ್ಮ ಮಗನ ಕನ್ನಡ. ಅಪ್ಪನಿಗೆಂದು ಕಲಿತ ಮಾತನ್ನು ಕೇಳಲು ಅಪ್ಪನೇ ಬರಲಿಲ್ಲ ಎಂದಾದರೆ ಅದನ್ನು ಅವನು ಮತ್ತೆ ಬಾಯಿಗೆ ತರುವುದಿಲ್ಲ. ಅವನ ಸ್ವಭಾವ ನನಗೆ ಗೊತ್ತು, ಅದು ನಿಮ್ಮದೇ ಸ್ವಭಾವ.

ಬಂದರೆ ಒಂದು ಕೋರಿಕೆ. ಕರುಣೆ ತೋರಿಸಬೇಡಿ, ಬೇಕೆಂದೇ ಸೋಲಬೇಡಿ, ಅದು ಅವನಿಗೆ ತಿಳಿಯುತ್ತದೆ. ಸೋಲಿಸುವುದಿದ್ದರೆ ಚೆನ್ನಾಗಿಯೇ ಸೋಲಿಸಿ. ವಾದವನ್ನು ಹಿಡಿದು ಸೋಲಿಸಿ, ಭಾಷೆಯನ್ನು ಹಿಡಿದಲ್ಲ. ಅವನ ಬಾಯಲ್ಲಿ ಶಹಾಡಿನ 'ಯಾಕ' ಬರುತ್ತದೆ, ನಡುವೆ ಒಂದು ಹಿಂದಿ ಪದವೂ ಜಾರೀತು. ಆಗ ಸಭೆಯ ಕಡೆ ನೋಡಬೇಡಿ, ಅವನ ಕಡೆ ನೋಡಿ. ನಿಮ್ಮಷ್ಟು ದೊಡ್ಡ ಅರ್ಥಧಾರಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬನ್ನಿ ಎಂದು ನಾನು ಕರೆಯುವುದಿಲ್ಲ. ಬರಬೇಡಿ ಎಂದೂ ಹೇಳುವುದಿಲ್ಲ. ಹಲಸಿನೆಲೆಯ ಕೊಟ್ಟೆ ಕಡುಬು ಮಾಡುವುದಂತೂ ಹೌದು, ಯತಿನ್‌ಗೆ ಇಷ್ಟ.

ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮ ಹೆಸರಿನ ಕೆಳಗೇ ಇರುವ,
ಬಾಗಿ

ತಾ.ಕ.: ಮರೆತು ಕೊನೆಗೆ ಬರೆದದ್ದಲ್ಲ, ಬರೆಯಲು ಧೈರ್ಯ ಬರಲಿ ಎಂದು ಉಳಿಸಿಕೊಂಡದ್ದು. ಆ ಪ್ರಸಂಗದಲ್ಲಿ ಹುಡುಗನ ತಾಯಿಯೂ ಬರುತ್ತಾಳಲ್ಲ, ಆ ಪಾತ್ರ ಯಾರದು ಎಂದು ಹಯಗ್ರೀವ ರಾಯರು ನಿಮಗೆ ಹೇಳಿರಲಿಕ್ಕಿಲ್ಲ, ನಾನೇ ಹೇಳಬೇಡಿ ಎಂದಿದ್ದೆ. ಅದರ ಅರ್ಥ ನಾನು ಹೇಳುತ್ತಿದ್ದೇನೆ. ನನ್ನ ಮಾತಿನಲ್ಲಿ ಪಾಠದ ವಾಸನೆ ಜಾಸ್ತಿ ಎಂದು ಯತಿನ್ ದಿನಾ ತಿದ್ದುತ್ತಾನೆ. ಆದರೆ ತಾಯಿ ಕೊನೆಗೆ ಆ ತಂದೆಗೆ ಏನು ಹೇಳುತ್ತಾಳೆ ಎಂಬುದನ್ನು ಅವನಿಗೂ ತಿಳಿಸಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಅದು, ನೀವು ಮಗನಿಗೆ ಏನು ಹೇಳುತ್ತೀರಿ ಎಂಬುದರ ಮೇಲಿದೆ.